ಮೀಟರಣ್ಣನ ದಂಡಯಾತ್ರೆ
ದಂಡಯಾತ್ರೆಗೆ ಹೊರಟ ಚಕ್ರವರ್ತಿಗಳೂ ರಥಕ್ಕೆ ಧ್ವಜ ಕಟ್ಟಲು ನಮ್ಮ ವಠಾರದ ಮೀಟರಣ್ಣನಷ್ಟು ಹೊತ್ತು ತೆಗೆದುಕೊಂಡಿರಲಾರರು. ಅವನ ರಥ ಒಂದು ಬ್ಯಾಟರಿ ಸೈಕಲ್ಲು; ಧ್ವಜವೆಂದರೆ ಅದರ ಹ್ಯಾಂಡಲ್ಲಿಗೆ ಕೂರಿಸಬೇಕಾದ, ವೇಗವನ್ನೂ ದೂರವನ್ನೂ ತೋರಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಕಂಪ್ಯೂಟರು. ಕಾರ್ಖಾನೆ ಮುಚ್ಚಿ ಅವನ ಕೆಲಸ ಹೋದ ಮರುವಾರವೇ ಶುರುವಾದ ಈ ಯುದ್ಧಕ್ಕೆ ಈಗ ವರ್ಷ ತುಂಬಿದೆ. ದಿನವೂ ಬೆಳಗ್ಗೆ, ಹಳೆಯ ಪಾಳಿಯ ಹೊತ್ತಿಗೆ ಸರಿಯಾಗಿ, ಕಾರ್ಖಾನೆಯ ನೀಲಿ ಅಂಗಿಯನ್ನು ಇಸ್ತ್ರಿ ಮಾಡಿ ತೊಟ್ಟು ಮೆಟ್ಟಿಲ ಕೆಳಗೆ ಕುಕ್ಕರುಗಾಲಲ್ಲಿ ಕೂರುತ್ತಾನೆ. ಚಕ್ರದ ಕಡ್ಡಿಗೆ ಅಯಸ್ಕಾಂತ ಬಿಗಿದು, ಅದರೆದುರು ಸುತ್ತು ಎಣಿಸುವ ಸೆನ್ಸರ್ ಕಟ್ಟಿ, ಚಕ್ರ ತಿರುಗಿಸಿ, ಉಸಿರು ಬಿಗಿಹಿಡಿದು ಪರದೆ ನೋಡುತ್ತಾನೆ. ಸೊನ್ನೆ! "ಎಲ್ಲಾ ಈ ಸೈಕಲ್ ಮೋಟರಿನದೇ ಕಿತಾಪತಿ, ಸಿಗ್ನಲ್ ಕೆಡಿಸುತ್ತೆ" ಎಂದು ಅಷ್ಟನ್ನೂ ಬಿಚ್ಚುತ್ತಾನೆ. ಹೊಸ ಕೆಲಸ ಹುಡುಕಿದಿರಾ ಎಂದು ವಿಚಾರಿಸಲು ಬಂದ ಭಾವಮೈದುನನಿಗೆ ಅವನದು ಒಂದೇ ಉತ್ತರ: "ಇದೊಂದು ಕನೆಕ್ಟ್ ಆಗ್ಲಿ, ಆಮೇಲೆ ನೋಡೋಣ." ಮೇಲಿನ ಕಿಟಕಿಯಿಂದ ಹೆಂಡತಿಯ ಬಾಣ ಬರುತ್ತದೆ: "ರೀ, ಊಟಕ್ಕಾದ್ರೂ ಕನೆಕ್ಟ್ ಆಗ್ತೀರೋ ಇಲ್ವೋ?" ನಿನ್ನೆ ನಾನು ಮೆಟ್ಟಿಲಿಳಿಯುವಾಗ ಚಕ್ರ ಗಿರ್ರೆಂದು ತಿರುಗುತ್ತಿತ್ತು, ಪರದೆಯ ಮೇಲೆ ಅಂಕಿಗಳು ಓಡುತ್ತಿದ್ದವು. ವಿಜಯದ ಕಹಳೆ ಊದೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಅವನು ಒಮ್ಮೆ ಕಿಟಕಿಯತ್ತ ನೋಡಿ, ಸೆನ್ಸರನ್ನು ಹೆಬ್ಬೆರಳಿನಿಂದ ಮೆಲ್ಲಗೆ ಆಚೆಗೆ ಸರಿಸಿಬಿಟ್ಟ. ಮತ್ತೆ ಸೊನ್ನೆ. "ಸರಿಯಾಗಿತ್ತಲ್ಲೋ ಮಹಾರಾಯಾ, ಯಾಕೆ ಕೆಡಿಸಿದೆ?" ಎಂದೆ. ಅವನು ತಲೆ ಎತ್ತದೆ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ. "ಇದೂ ಮುಗಿದ್ರೆ, ನಾಳೆ ಬೆಳಗ್ಗೆ ಎದ್ದು ಏನ್ ಮಾಡ್ಲಿ ಹೇಳು?"