ತಂಗಿಯ ತಲೆ ಪರೀಕ್ಷೆ

ನನ್ನ ತಂಗಿಯ ತಲೆಯನ್ನು ಡಾಕ್ಟರಿಂದ ಪರೀಕ್ಷೆ ಮಾಡಿಸಬೇಕು ಎಂದು ಶಾಲೆಯ ಹೆಡ್‌ಮೇಷ್ಟ್ರು ಚೀಟಿ ಬರೆದು ಕಳಿಸಿದ್ದು ನನ್ನ ಕೈಯಲ್ಲೇ. ಅವಳ ಕ್ಲಾಸಿಗೆ ಪಾಠ ಮಾಡುತ್ತಿದ್ದವರೂ ಅವರೇ. ಆಗ ನನಗೆ ಹತ್ತು ವರ್ಷ, ನಾಲ್ಕನೇ ಕ್ಲಾಸು. ಅವಳಿಗೆ ಏಳು, ಎರಡನೇ ಕ್ಲಾಸು. ಚೀಟಿ ಓದಲು ನನಗೆ ಬರುತ್ತಿತ್ತು, ಕಷ್ಟ ಬಂದದ್ದೇ ಅದರಿಂದ. ‘ಮಗು ಮಂದಬುದ್ಧಿಯದಾಗಿ ಕಾಣುತ್ತದೆ. ಬುದ್ಧಿ ಸರಿಯಿದೆ ಎಂದು ವೈದ್ಯರಿಂದ ಬರೆಸಿಕೊಂಡು ಬಂದರೆ ಮಾತ್ರ ತರಗತಿಗೆ ಕೂರಿಸಲಾಗುವುದು’ ಎಂದಿತ್ತು. ಅದನ್ನು ಹರಿದು ಮೋರಿಗೆ ಹಾಕಿಬಿಡಲೇ ಎಂದು ಕಾಮಾಕ್ಷಿಪಾಳ್ಯದ ದಾರಿಯುದ್ದಕ್ಕೂ ಯೋಚಿಸಿದೆ. ತಂಗಿ ಮಾತ್ರ ಹುಣಸೇಕಾಯಿ ಕಚ್ಚುತ್ತಾ ಮುಂದೆ ಮುಂದೆ ಕುಪ್ಪಳಿಸುತ್ತಿದ್ದಳು.

ನಿಜ ಹೇಳಬೇಕೆಂದರೆ ನನಗೂ ಅವಳ ಮೇಲೆ ಸಿಟ್ಟಿತ್ತು. ಮೇಷ್ಟ್ರು ಲೆಕ್ಕ ಕೇಳಿದರೆ ಇವಳು ಕಿಟಕಿಯಾಚೆಯ ಕಾಗೆ ನೋಡುತ್ತಿರುತ್ತಾಳೆ ಎಂದು ಅವಳ ಕ್ಲಾಸಿನ ಮಕ್ಕಳು ನನ್ನ ಹತ್ತಿರ ಬಂದು ಹೇಳಿ ನಗುತ್ತಿದ್ದರು. ಮನೆಯಲ್ಲಿ ಬಾಯಿಗೆ ಬೀಗವೇ ಇಲ್ಲದ ಹುಡುಗಿ ಶಾಲೆಯಲ್ಲಿ ಮೂಗಿಯ ಹಾಗೆ ಕೂರುವುದು ಬೇಕೆಂದೇ ಮಾಡುವ ಚೇಷ್ಟೆ ಎಂದುಕೊಂಡಿದ್ದೆ. ಅಕ್ಕನಾದ ನನ್ನ ಮಾನ ಹೋಗುತ್ತಿದೆಯಲ್ಲ ಎಂಬುದೇ ನನ್ನ ದೊಡ್ಡ ಚಿಂತೆ.

ನಮ್ಮದು ಮಗ್ಗದ ಮನೆ. ಗೋಡೆಯ ಆಚೆ ನಾಲ್ಕು ಕರೆಂಟಿನ ಮಗ್ಗ, ಈಚೆ ನಾವು. ಬೆಳಿಗ್ಗೆ ಸ್ವಿಚ್ ಹಾಕಿದರೆಂದರೆ ಲಾಳಿಗಳು ಖಟಖಟ ಓಡಿ ಅಡುಗೆಮನೆಯ ಪಾತ್ರೆಗಳೂ ನಡುಗುತ್ತಿದ್ದವು. ಆ ಸದ್ದಿನಲ್ಲಿ ಯಾರ ಮಾತು ಯಾರಿಗೆ ಕೇಳಬೇಕು? ಅದಕ್ಕೇ ಮನೆಯವರೆಲ್ಲ ಕೈಸನ್ನೆಯಲ್ಲೇ ಮಾತಾಡುತ್ತಿದ್ದೆವು. ಮೀಸೆ ತೀಡಿದರೆ ಅಪ್ಪ, ಮೂಗಿನ ಪಕ್ಕ ಬೆರಳಿಟ್ಟರೆ ಮೂಗುಬಟ್ಟಿನ ಅಮ್ಮ, ಅಂಗೈ ಮೇಲೆ ಮುಷ್ಟಿ ಉರುಳಿಸಿದರೆ ಮುದ್ದೆ ಆಯಿತು ಬನ್ನಿ ಅಂತ. ಮಿಕ್ಕಿದ್ದನ್ನು ತುಟಿ ನೋಡಿ ತಿಳಿದುಕೊಳ್ಳುವುದು. ಇದರಲ್ಲಿ ತಂಗಿ ನಮ್ಮೆಲ್ಲರಿಗಿಂತ ಚುರುಕು. ಕೂಸಾಗಿದ್ದಾಗ ಓಡುವ ಮಗ್ಗದ ಪಕ್ಕದಲ್ಲೇ ಜೋಲಿಯಲ್ಲಿ ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದಳಂತೆ. “ನೇಯೋರ ಮನೆ ಮಗು ಅಂದ್ರೆ ಹಿಂಗಿರ್ಬೇಕು” ಎಂದು ಅಪ್ಪ ಬಂದವರಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದರು.

ಚೀಟಿ ಓದಿ ಹೇಳಿದಾಗ ಅಪ್ಪನ ಮುಖ ಚಿಕ್ಕದಾಯಿತು. “ಹೋಗ್ಲಿ ಬಿಡು, ಹೆಣ್ಣುಮಗು ಓದಿ ಏನ್ ಕಡಿದು ಕಟ್ಟೆ ಹಾಕ್ಬೇಕು? ಮನೇಲೇ ನೂಲು ಸುತ್ಕೊಂಡಿರ್ಲಿ” ಎಂದರು. ಅಮ್ಮ ಕೈಯಲ್ಲಿದ್ದ ಸೌಟನ್ನು ಕುಕ್ಕಿದರು. “ನನ್ನ ಮಗಳಿಗೆ ಬುದ್ಧಿ ಇಲ್ಲ ಅಂತ ಯಾವ ಡಾಕ್ಟ್ರು ಬರ್ಕೊಡ್ತಾರೋ ನಾನೂ ನೋಡ್ತೀನಿ.”

ಪೇಟೆ ಕಡೆಯ ಒಂದು ಆಸ್ಪತ್ರೆಗೆ ಅಮ್ಮ, ತಂಗಿ, ನಾನು ಜಟಕಾದಲ್ಲಿ ಹೋದೆವು. ಓದು ಬರಹ ಬರುತ್ತದೆಂದು ನನ್ನನ್ನೂ ಕರೆದೊಯ್ದಿದ್ದರು. ಡಾಕ್ಟರು ವಯಸ್ಸಾದವರು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಮೊದಲು ಬಣ್ಣದ ಮರದ ತುಂಡುಗಳನ್ನು ಕೊಟ್ಟು ತಾವೊಂದು ಗೋಪುರ ಕಟ್ಟಿ ತೋರಿಸಿದರು. ತಂಗಿ ಅದಕ್ಕಿಂತ ಎತ್ತರದ್ದು ಕಟ್ಟಿದಳು. ಆಮೇಲೆ ಅವರು ತಲೆ ಬಗ್ಗಿಸಿ ಬರೆಯುತ್ತಲೇ, “ಹಸು ನಮಗೆ ಏನು ಕೊಡುತ್ತೆ?” ಎಂದು ಕೇಳಿದರು. ತಂಗಿ ಅಮ್ಮನ ಕಡೆ ನೋಡಿದಳು. ಅಮ್ಮನ ಎರಡು ಬೆರಳು ಕೊಂಬಿನಂತೆ ಹಣೆಗೆ ಹೋದವು, ಆಮೇಲೆ ಮುಂದೆ ಚಾಚಿದ ಕೈ ‘ಏನು’ ಎಂದು ತಿರುಗಿತು. “ಹಾಲು!” ತಂಗಿ ಕಿರುಚಿದ ರಭಸಕ್ಕೆ ಹೊರಗಿದ್ದ ನರ್ಸಮ್ಮ ಇಣುಕಿ ನೋಡಿದರು.

ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿದರು. “ಏನಮ್ಮಾ, ಉತ್ತರ ಹೇಳಿಕೊಡ್ತೀರಾ? ಆ ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ.”

ಅಮ್ಮ ತಿರುಗಿ ಕುಳಿತರು. ಡಾಕ್ಟರು ಬಗ್ಗಿ ಬರೆಯುತ್ತಾ ಒಂದಾದ ಮೇಲೊಂದು ಪ್ರಶ್ನೆ ಕೇಳಿದರು. ತಂಗಿ ಅಮ್ಮನ ಬೆನ್ನು ನೋಡಿದಳು, ನನ್ನನ್ನು ನೋಡಿದಳು, ಕೊನೆಗೆ ಮರದ ತುಂಡುಗಳ ಜೊತೆ ಆಡತೊಡಗಿದಳು. ಡಾಕ್ಟರು ತಲೆ ಅಲ್ಲಾಡಿಸಿ ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಗೀಚತೊಡಗಿದರು. ಮುಗಿಯಿತು, ಇನ್ನು ಇವಳು ಶಾಲೆಗೆ ಬರುವುದಿಲ್ಲ ಎಂದು ನನಗೆ ಹೆದರಿಕೆಯಾಯಿತು. ಅಷ್ಟು ದಿನ ಇವಳಿಂದ ಮಾನ ಹೋಯಿತು ಎಂದು ಗೊಣಗಿದವಳು ನಾನೇ!

ಅಮ್ಮನಿಗೆ ಗೋಡೆ ನೋಡಿ ನೋಡಿ ಸಾಕಾಗಿತ್ತು. “ನಾನ್ಯಾಕೆ ಉತ್ರ ಹೇಳ್ಕೊಡ್ಲಿ ಡಾಕ್ಟ್ರೇ?” ಎಂದು ತಿರುಗದೆಯೇ ಜಗಳಕ್ಕೆ ನಿಂತರು. “ನೀವು ಕೇಳಿದ್ದನ್ನ ಅವಳಿಗೆ ದಾಟಿಸ್ದೆ, ಅಷ್ಟೆ.”

“ನಾನು ಕೇಳಿದ್ದು ಅವಳಿಗೇ ಕೇಳ್ಸುತ್ತಲ್ಲಮ್ಮ, ನೀವ್ಯಾಕೆ ದಾಟಿಸ್ಬೇಕು?” ಎಂದ ಡಾಕ್ಟರ ಪೆನ್ನು ಅಲ್ಲೇ ನಿಂತಿತು.

ಅವರು ಎದ್ದು ತಂಗಿಯ ಬೆನ್ನ ಹಿಂದೆ ಹೋಗಿ ಮೆಲ್ಲಗೆ ಹೆಸರು ಹಿಡಿದು ಕರೆದರು. ಅವಳು ಗೋಪುರ ಕಟ್ಟುತ್ತಲೇ ಇದ್ದಳು. ಮೇಜಿನ ಮೇಲಿದ್ದ ಗಂಟೆಯನ್ನು ಬಾರಿಸಿದರು. ಗೋಪುರಕ್ಕೆ ಇನ್ನೊಂದು ತುಂಡು ಏರಿತು. ಆಮೇಲೆ ಎದುರಿಗೆ ಬಂದು ಮಂಡಿಯೂರಿ, ಅವಳ ಮುಖಕ್ಕೆ ಮುಖ ಕೊಟ್ಟು ಹಳೆಯ ಪ್ರಶ್ನೆಗಳನ್ನೇ ಕೇಳಿದರು. ಹುರಿದ ಕಾಳು ಸಿಡಿದ ಹಾಗೆ ಉತ್ತರಗಳು ಬಂದವು. ಡಾಕ್ಟರು ಜೋರಾಗಿ ನಕ್ಕುಬಿಟ್ಟರು.

“ತಲೆ ಚೆನ್ನಾಗೇ ಇದೆಯಮ್ಮ, ಮಂದ ಆಗಿರೋದು ಕಿವಿ. ಮುಕ್ಕಾಲು ಪಾಲು ಕೇಳ್ಸಲ್ಲ. ಬರೀ ಮುಖ ನೋಡ್ಕೊಂಡು ಇಷ್ಟು ದಿನ ನಿಭಾಯಿಸಿದಾಳೆ ಅಂದ್ರೆ ಎಷ್ಟು ಬುದ್ಧಿ ಇರ್ಬೇಕು ನೋಡಿ!” ಕಿವಿಗೆ ಔಷಧಿ ಇಲ್ಲ ಎಂದೂ ಹೇಳಿದರು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ನಕ್ಕರು, ಮತ್ತೆ ಒರೆಸಿಕೊಂಡರು. ಡಾಕ್ಟರು ಈ ಸಲ ಕನ್ನಡದಲ್ಲೇ ಕಾಗದ ಬರೆದರು: ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮುಖ ಕಾಣುವಂತೆ ನಿಂತು ಪಾಠ ಹೇಳಬೇಕು.

ಮನೆಗೆ ಬಂದು ಹೇಳಿದರೆ ಅಪ್ಪ ನಂಬಲಿಲ್ಲ. ನಾಲ್ಕೂ ಮಗ್ಗ ನಿಲ್ಲಿಸಿ, ತಂಗಿಯ ಹಿಂದೆ ನಿಂತು “ಮಗಾ” ಎಂದರು. ಅವಳು ತಿರುಗಲಿಲ್ಲ. ಅಪ್ಪ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. “ಮಗ್ಗದ ಸದ್ದಿಗೂ ಏಳಲ್ಲ ಅಂತ ಇಷ್ಟು ವರ್ಷ ಜಂಬ ಕೊಚ್ಕೊಂಡು ತಿರುಗಿದ್ನಲ್ಲೇ” ಎಂದರು. ಮಾರನೆಯ ಬೆಳಿಗ್ಗೆ ಅವಳಿಗೆ ಜಡೆ ಹೆಣೆದು ಶಾಲೆಯ ಬಾಗಿಲ ತನಕ ಕರೆತಂದವರು ಅಪ್ಪನೇ. ಜಡೆ ಸೊಟ್ಟಗಿತ್ತು. ನಾನು ಆಡಿಕೊಳ್ಳಲಿಲ್ಲ.

ನಮ್ಮ ಎರಡು ಕ್ಲಾಸಿನ ನಡುವೆ ಇದ್ದದ್ದು ಒಂದು ಬಿದಿರಿನ ತಟ್ಟಿ. ಅದರ ಸಂದಿಗೆ ಕಣ್ಣಿಟ್ಟು ಕುಳಿತೆ. ಹೆಡ್‌ಮೇಷ್ಟ್ರು ಕಾಗದವನ್ನು ಎರಡು ಸಲ ಓದಿ, ತಂಗಿಯನ್ನು ಮುಂದೆ ಕೂರಿಸಿದರು. ಸ್ವಲ್ಪ ಹೊತ್ತಿಗೆ ಎಂದಿನಂತೆ ಬೋರ್ಡಿನ ಕಡೆ ತಿರುಗಿ ಬರೆಯುತ್ತಾ ಲೆಕ್ಕ ಹೇಳತೊಡಗಿದರು. ತಂಗಿ ಎದ್ದು ನಿಂತಳು.

“ಮೇಷ್ಟ್ರೇ, ಈ ಕಡೆ ತಿರುಗಿ ಹೇಳಿ!”

ಮಗ್ಗದ ಮನೆಯ ಗಂಟಲು, ಎರಡೂ ಕ್ಲಾಸಿಗೆ ಕೇಳಿಸಿತು. ಅವರೆದುರು ಯಾರೂ ಉಸಿರೆತ್ತಿದ್ದನ್ನು ನಾನು ಕಂಡಿರಲಿಲ್ಲ. ಬೆತ್ತ ಮೇಜಿನ ಮೇಲೇ ಇತ್ತು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ಆಮೇಲೆ ತಿರುಗಿದರು. ಅವಳ ಹತ್ತಿರ ಬಂದು, ಬಗ್ಗಿ, ನಿಧಾನವಾಗಿ ಕೇಳಿದರು: “ಹದಿನೈದರಲ್ಲಿ ಎಂಟು ಹೋದ್ರೆ ಎಷ್ಟಮ್ಮ?”

“ಏಳು!”

ತಟ್ಟಿಯ ಈಚೆಯಿಂದ ನಾನು ಚಪ್ಪಾಳೆ ಹೊಡೆದುಬಿಟ್ಟೆ. ನಮ್ಮ ಕ್ಲಾಸಿನ ಮೇಷ್ಟ್ರು ಅಂಗೈ ಮೇಲೆ ಎರಡು ಏಟು ಕೊಟ್ಟರು. ನಾನು ಅತ್ತದ್ದು ಏಟಿಗಲ್ಲ.