‘ರಿ’ ಹಚ್ಚಿ ಕಲಿಸುವ ಮಲ್ಲಿಕಮ್ಮ

ದೋರನಹಳ್ಳಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ, ಆಗಲೇ ಮಲ್ಲಿಕಮ್ಮನವರ ಅಂಗಳದಿಂದ ಬಸ್ಸು ಹೊರಟಿದೆ. ಬಸ್ಸೆಂದರೆ ಎರಡು ಸಾಲು ಪ್ಲಾಸ್ಟಿಕ್ ಕುರ್ಚಿ. ಕಂಡಕ್ಟರು ಸ್ವತಃ ಮಲ್ಲಿಕಮ್ಮ: ಹೆಗಲಿಗೆ ಸಂತೆಚೀಲ, ಬಾಯಲ್ಲಿ ಸೀಟಿ. ಪೋಲಿಯೊ ಆದ ಎಡಗಾಲನ್ನು ಎಳೆಯುತ್ತ ಕುರ್ಚಿಗಳ ನಡುವೆ ಬರುತ್ತಾರೆ.

“ಎಲ್ಲಿಗ್ರಿ?”

“ಶಹಾಪುರ,” ಎಂದು ಆಧಾರ್ ಕಾರ್ಡು ಮುಂದೆ ಹಿಡಿಯುತ್ತಾಳೆ ನುಜ್ಹತ. ಇಪ್ಪತ್ತು ದಾಟಿದ ಹುಡುಗಿ. ಹುಟ್ಟಿನಿಂದ ಬುದ್ಧಿ ಬೆಳವಣಿಗೆ ನಿಧಾನ. ಶಹಾಪುರದ ರೊಟ್ಟಿ ಕೇಂದ್ರವೊಂದು ಅವಳನ್ನು ಕೆಲಸಕ್ಕೆ ಕರೆದಿದೆ. ಜೋಳದ ರೊಟ್ಟಿಯನ್ನು ಅಷ್ಟು ತೆಳ್ಳಗೆ ಬಡಿಯುತ್ತಾಳೆ. ಆದರೆ ಪಂಕ್ಚರ್ ಅಂಗಡಿ ಇಟ್ಟಿರುವ ಅಪ್ಪ ಸುಲ್ತಾನಸಾಬ ಮಲ್ಲಿಕಮ್ಮನವರಿಗೆ ಒಂದು ಶರತ್ತು ಹಾಕಿದ್ದಾರೆ: “ಇವತ್ತ ಒಬ್ಬಾಕಿನೇ ಹೋಗಿ ಬರಲಿ. ಹೋಗಾಗ ಬೇಕಾದ್ರ ನೀವು ಹಿಂದ ಕುಂದರ್ರಿ, ಆದ್ರ ನಡುವ ಬಾಯಿ ಹಾಕಿದ್ರ ಆಕಿ ಮನ್ಯಾಗೇ ಇರ್ತಾಳ. ನನ್ನ ಫಿಕರ್ ನನಗ.”

ಮಲ್ಲಿಕಮ್ಮ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಅಂಗವಿಕಲರ ಪಿಂಚಣಿ, ಗುರುತಿನ ಚೀಟಿಗೆ ಓಡಾಡುವುದು ಅವರ ಕೆಲಸ. ಅಂಗಳದ ಈ ಪಾಠ ಯಾರೂ ಹೇಳಿದ್ದಲ್ಲ. ಚಹಾ ಕಾಸುವುದು, ಸಂತೆಯಲ್ಲಿ ಬದನೆಕಾಯಿ ಆರಿಸುವುದು, ಮೈಮುಟ್ಟಲು ಬಂದವರನ್ನು ಗದರುವುದು, ಎಲ್ಲವನ್ನೂ ನುಜ್ಹತಳಂಥವರಿಗೆ ಆಡಿಸಿ ಆಡಿಸಿ ಕಲಿಸುತ್ತಾರೆ.

“ಶಾಲಿ ಬಿಡ್ತಂದ್ರ ಮುಗೀತ್ರಿ. ಕುಂದ್ರಿಸಿ ಉಣ್ಣಾಕ ಹಾಕ್ತಾರ. ಮೀಸಿ ಬಂದ್ರೂ ಕೂಸ, ಸೀರಿ ಉಟ್ರೂ ಕೂಸ,” ಎನ್ನುತ್ತಾರೆ.

ಅದಕ್ಕೇ ಅವರ ಅಂಗಳದಲ್ಲಿ ಒಂದು ಕಟ್ಟಳೆ. ಹದಿನೆಂಟು ತುಂಬಿದವರನ್ನು ‘ರಿ’ ಹಚ್ಚಿಯೇ ಮಾತಾಡಿಸಬೇಕು. ಹೆತ್ತವರಿಗೂ ರಿಯಾಯಿತಿ ಇಲ್ಲ.

“ಹೊಟ್ಟ್ಯಾಗ ಹುಟ್ಟಿದಾಕಿಗಿ ಬರ್ರಿ, ಹೋಗ್ರಿ ಅಂದ್ರ ನಾಲಗಿ ತೊಡರ್ತದವ್ವ,” ಎಂದು ನುಜ್ಹತಳ ತಾಯಿ ಮುನ್ನಿಬೀ ನಗುತ್ತಾರೆ.

“ತೊಡರಲಿ ಬಿಡ್ರಿ. ರೂಢಿ ಆಗ್ತದ.”

ನಿಜವಾದ ಬಸ್ಸು ಬರುತ್ತದೆ. ನುಜ್ಹತ ಮುಂದೆ ಕೂರುತ್ತಾಳೆ. ಮಲ್ಲಿಕಮ್ಮ ಹಿಂದಿನ ಸೀಟಿನಲ್ಲಿ, ಸೆರಗನ್ನು ಹಣೆಯವರೆಗೆ ಎಳೆದುಕೊಂಡು.

“ಎಲ್ಲಿಗಿ ಹೊಂಟಿ, ಕೂಸ?” ಕಂಡಕ್ಟರು ಕೇಳುತ್ತಾರೆ.

ನುಜ್ಹತ ಕಿಟಕಿಯತ್ತ ಮುಖ ತಿರುಗಿಸುತ್ತಾಳೆ. ಮತ್ತೆ ಕೇಳುತ್ತಾರೆ. ಅವಳು ಹೊರಗೇ ನೋಡುತ್ತಾಳೆ.

“ಪಾಪ, ಮಾತ್ ಬರಂಗಿಲ್ಲ ಕಾಣ್ತದ. ಇಳಿಸಿ ಬಿಡಪ್ಪ, ಮನಿಯವರು ಹುಡುಕ್ತಿರ್ತಾರ,” ಎನ್ನುತ್ತಾಳೆ ಪಕ್ಕದ ಮುದುಕಿ. ಬಸ್ಸು ನಿಲ್ಲಿಸಲು ಕಂಡಕ್ಟರು ಸೀಟಿ ಬಾಯಿಗಿಡಲು ಹೋಗುತ್ತಾರೆ.

ಮಲ್ಲಿಕಮ್ಮನವರಿಗೆ ಆಗ ಹೊಳೆಯುತ್ತದೆ, ತಪ್ಪು ತಮ್ಮದೇ. ‘ಎಲ್ಲಿಗ್ರಿ’ ಎಂದಷ್ಟೇ ಕೇಳಿ ಕಲಿಸಿದ್ದಾರೆ. ಲೋಕ ‘ಎಲ್ಲಿಗಿ ಹೊಂಟಿ’ ಎಂದೂ ಕೇಳುತ್ತದೆಂದು ಹೇಳಿಕೊಟ್ಟೇ ಇಲ್ಲ. ಎದ್ದು ನಿಂತರೆ ಶರತ್ತು ಮುರಿಯುತ್ತದೆ. ಸೆರಗು ಕಚ್ಚಿ ಹಿಡಿಯುತ್ತಾರೆ.

ನುಜ್ಹತ ನಿಧಾನವಾಗಿ ತಿರುಗುತ್ತಾಳೆ. “ನಾ ಕೂಸಲ್ರಿ. ‘ರಿ’ ಹಚ್ಚಿ ಕೇಳ್ರಿ.”

ಬಸ್ಸಿಗೆ ಬಸ್ಸೇ ನಗುತ್ತದೆ. ಕಂಡಕ್ಟರೂ ನಗುತ್ತಾರೆ, ಆಮೇಲೆ ನೆಟ್ಟಗೆ ನಿಲ್ಲುತ್ತಾರೆ. “ತಪ್ಪಾತ್ರಿ ಅಕ್ಕೋರ. ಎಲ್ಲಿಗ್ರಿ?”

“ಶಹಾಪುರ.”

ಸಂಜೆ ಅಂಗಡಿಯ ಮುಂದೆ ಒಬ್ಬಳೇ ಇಳಿದ ಮಗಳನ್ನು ಕಂಡು ಸುಲ್ತಾನಸಾಬ ಕೈಯ ಟ್ಯೂಬು ಕೆಳಗಿಟ್ಟು ಏಳುತ್ತಾರೆ. “ನಾಳಿಗಿ ಎಷ್ಟೊತ್ತಿಗಿ ಹೋಗ್ತೀರಿ?” ಎಂದಷ್ಟೇ ಕೇಳುತ್ತಾರೆ.

ಮರುದಿನ ಮನಸ್ಸು ತಡೆಯದೆ ಮಲ್ಲಿಕಮ್ಮ ಬಸ್‌ಸ್ಟ್ಯಾಂಡಿಗೆ ಬರುತ್ತಾರೆ. ನುಜ್ಹತ ಹುಬ್ಬು ಗಂಟಿಕ್ಕುತ್ತಾಳೆ.

“ನೀವ್ಯಾಕ ಬಂದ್ರಿ? ನನಗ ಕೆಲಸ ಅದ. ಮನಿಗಿ ಹೋಗ್ರಿ.”

ಬಸ್ಸು ದೂಳೆಬ್ಬಿಸಿ ಹೋಗುತ್ತದೆ. ಮಲ್ಲಿಕಮ್ಮ ನಗುತ್ತ ನಿಂತೇ ಇದ್ದಾರೆ. “ಬೈಸ್ಕೊಂಡೆ ನೋಡ್ರಿ,” ಎನ್ನುತ್ತಾರೆ, “ಊರಿಗೆಲ್ಲ ಹೇಳ್ಕೊಂಡು ಬರ್ತೀನಿ.”