ಇಲ್ಲದ ಹೇನು

ನನ್ನ ಮಗಳ ತಲೆಯಲ್ಲಿ ಹೇನು ಇರಲಿಲ್ಲ. ಇತ್ತು ಎಂದು ನಾನು ಹೇಳಿದ್ದು ಸುಳ್ಳು. ಎರಡನೇ ಕ್ಲಾಸಿನಿಂದ ಕಾಲೇಜಿನವರೆಗೆ ಅವಳು ಅದನ್ನು ನಂಬಿಕೊಂಡೇ ಬೆಳೆದಳು.

ಆಗ ನನ್ನ ಹೆಂಡತಿ ಗಿರಿಜಾ ದಾವಣಗೆರೆಯಲ್ಲಿದ್ದಳು — ಅವಳ ತಾಯಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಬಸವೇಶ್ವರನಗರದ ಮನೆಯಲ್ಲಿ ನಾನು, ಮಗಳು ಪಲ್ಲವಿ ಇಬ್ಬರೇ. ಅಡುಗೆ ಹೇಗೋ ಕಲಿತೆ. ಅವಳ ಗುಂಗುರು ಕೂದಲು ಮಾತ್ರ ನನಗೆ ಬಗ್ಗಲಿಲ್ಲ. ಗಿರಿಜಾ ನೀರು ಚಿಮುಕಿಸಿ, ಎಣ್ಣೆ ಮುಟ್ಟಿಸಿ, ತುದಿಯಿಂದ ಸಿಕ್ಕು ಬಿಡಿಸುತ್ತಿದ್ದಳು. ಹಾಗೇ ಮಾಡಿ ಎಂದು ಫೋನಿನಲ್ಲಿ ಹೇಳಿಯೂ ಇದ್ದಳು. ಪೀಣ್ಯದ ಫ್ಯಾಕ್ಟರಿಗೆ ಹೊತ್ತಾಗುತ್ತದೆಂದು ನಾನು ಒಣಗಿದ ಕೂದಲಿಗೇ ಬುಡದಿಂದ ಬಾಚಣಿಗೆ ಎಳೆಯುತ್ತಿದ್ದೆ. ಮಗು ಕಿಟಕಿಯ ಸರಳು ಹಿಡಿದು ಅಳುತ್ತಿತ್ತು. ಆ ಅಳುವಿಗಿಂತ, ಪಕ್ಕದ ಮನೆಯವರಿಗೆ ಕೇಳಿಸುತ್ತದಲ್ಲ ಎಂಬುದೇ ನನ್ನನ್ನು — ಹೌದು, ಅದೇ ನನ್ನನ್ನು ಹೆಚ್ಚು ಕಾಡುತ್ತಿತ್ತು.

ಒಂದು ಭಾನುವಾರ ಅವಳನ್ನು ಕಟಿಂಗ್ ಶಾಪಿಗೆ ಕರೆದುಕೊಂಡು ಹೋಗಿ, "ಮೆಷಿನ್ ಹಾಕ್ಬಿಡಿ" ಎಂದೆ. ಅಂಗಡಿಯವರು ಕೈ ತಡೆದರು. "ಹೆಣ್ಮಗು ಸಾರ್, ಇಷ್ಟು ಚೆನ್ನಾಗಿದೆ ಕೂದ್ಲು. ಯಾಕೆ?"

ಬಾಚಲು ಬರುವುದಿಲ್ಲ ಎನ್ನಲು ನಾಚಿಕೆಯಾಯಿತು. "ತುಂಬಾ ಹೇನಾಗಿದೆ" ಎಂದೆ.

ಪಲ್ಲವಿ ಕನ್ನಡಿಯಲ್ಲಿ ನನ್ನ ಮುಖ ನೋಡಿದಳು. ನಾನು ಮೊಬೈಲ್ ತೆಗೆದೆ.

ಸ್ಕೂಲಿನಲ್ಲಿ ಅವಳ ಪಕ್ಕ ಕೂರುತ್ತಿದ್ದವಳು ರಮ್ಯಾ. ಮನೆಗೆ ನಡೆಯುವಾಗ ಕೇಳಿದಳು: "ಅಪ್ಪಾ, ರಮ್ಯಂಗೂ ನನ್ನಿಂದ ಬರುತ್ತಾ?" ಆಗಲಾದರೂ ನಿಜ ಹೇಳಬಹುದಿತ್ತು. "ಸ್ವಲ್ಪ ದೂರ ಕೂತ್ಕೋ" ಎಂದೆ. ಕೂತಳು. ಆಮೇಲೆ ಯಾರ ಹತ್ತಿರವೂ ತಲೆ ತಾಗುವಷ್ಟು ಕೂರಲೇ ಇಲ್ಲ. ಗಿರಿಜಾ ವಾಪಸ್ ಬಂದು ಮಗುವಿನ ಬೋಳುತಲೆಯನ್ನು ಎದೆಗೊತ್ತಿಕೊಂಡು ಅತ್ತಾಗಲೂ ನಾನು ಅದೇ ಸುಳ್ಳು ಹೇಳಿದೆ.

ಕೂದಲು ಮತ್ತೆ ಬೆಳೆಯಿತು. ಆದರೆ ದೊಡ್ಡವಳಾಗುತ್ತ ಪಲ್ಲವಿ ಅದಕ್ಕೆ ದಿನವೂ ಶಾಂಪೂ ಹಾಕಿ ತಿಕ್ಕಿ ತೊಳೆಯತೊಡಗಿದಳು. ಪಸೆಯೆಲ್ಲ ಹೋಗಿ ಅದು ತೆಂಗಿನ ನಾರಿನಂತಾಯಿತು, ಮುಟ್ಟಿದರೆ ಮುರಿಯುತ್ತಿತ್ತು. ಯಾಕೆಂದು ನನಗೆ ಹೊಳೆಯಲಿಲ್ಲ — ಇಲ್ಲ, ಹೊಳೆದಿತ್ತು. ಸುಮ್ಮನಿದ್ದೆ.

ಈಚೆಗೆ ಅವಳನ್ನು ಸ್ಕೂಟರಿನಲ್ಲಿ ವಿಜಯನಗರದ ಒಂದು ಪಾರ್ಲರಿಗೆ ಬಿಟ್ಟು, ಬಾಗಿಲ ಬಳಿ ಕಾಯುತ್ತಿದ್ದೆ. ಒಳಗೆ ಪಾರ್ಲರಿನಾಕೆ ಕೇಳುತ್ತಿದ್ದರು: "ಗುಂಗುರು ಕೂದಲಿಗೆ ದಿನಾ ಶಾಂಪೂ ಹಾಕ್ತಾರಾ? ಎಲ್ಲಾ ಒಣಗೋಗಿದೆ ನೋಡಮ್ಮ."

"ಚಿಕ್ಕವಳಿದ್ದಾಗ ಸಿಕ್ಕಾಪಟ್ಟೆ ಹೇನಾಗಿತ್ತು ಆಂಟಿ. ಇನ್ನೂ ಭಯ."

ಮನೆ ತಲುಪುವವರೆಗೆ ತಡೆದುಕೊಳ್ಳಲಾಗಲಿಲ್ಲ. ದಾರಿಯಲ್ಲೇ ಸ್ಕೂಟರ್ ನಿಲ್ಲಿಸಿ ಹೇಳಿದೆ.

"ಒಂದೂ ಇರ್ಲಿಲ್ವಾ?"

"ಒಂದೂ ಇರ್ಲಿಲ್ಲ."

"ಮತ್ತೆ ರಮ್ಯಾ..." ಎಂದವಳೇ ಸ್ಕೂಟರಿನಿಂದ ಇಳಿದಳು. ಆಟೋ ಹಿಡಿದು ಹೊರಟುಹೋದಳು.

ಬಹಳ ದಿನ ನನ್ನೊಡನೆ ಮಾತಿರಲಿಲ್ಲ. ಆದರೆ ದಿನವೂ ಶಾಂಪೂ ಹಾಕುವುದು ನಿಂತಿತು. ಒದ್ದೆ ಕೂದಲನ್ನು ಟವೆಲಿನಿಂದ ಉಜ್ಜುವುದು ಬಿಟ್ಟು, ಹಳೆಯ ಕಾಟನ್ ಟೀ ಶರ್ಟಿನಲ್ಲಿ ಮೆಲ್ಲಗೆ ಒತ್ತಿಕೊಳ್ಳುತ್ತಿದ್ದಳು. ಬುಡದಲ್ಲಿ ಹೊಸ ಸುರುಳಿಗಳು ಮೆತ್ತಗೆ, ಮಿನುಗುತ್ತ ಬರತೊಡಗಿದವು. ಹೊಗಳಲು ನನಗೆ ಯಾವ ಬಾಯಿ ಇತ್ತು?

ಈ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಬಂದವಳು ನನ್ನ ಮುಂದೆ ಸ್ಟೂಲ್ ಎಳೆದುಕೊಂಡು, ಬೆನ್ನು ಹಾಕಿ ಕುಳಿತಳು. ಕೂದಲಿಗೆ ಹಚ್ಚುವ ಕ್ರೀಮಿನ ಡಬ್ಬಿ ಹಿಂದಕ್ಕೆ ಚಾಚಿದಳು.

"ಹಿಂದ್ಗಡೆ ನಂಗೆ ಸರಿಯಾಗಿ ಬರಲ್ಲ. ಹಚ್ಚಪ್ಪ. ಒದ್ದೆ ಇರ್ಬೇಕಾದ್ರೇ ಹಚ್ಬೇಕು. ಬೆರಳಲ್ಲೇ ಬಿಡಿಸು."

ಡಬ್ಬಿಯ ಮುಚ್ಚಳ ತೆಗೆದೆ. ಒಂದೊಂದೇ ಎಳೆಗುಂಪು ಹಿಡಿದು ಹಚ್ಚಿದೆ. "ನೋವಾಗ್ತಿದೆಯಾ?" ಎಂದೆ.

"ಇಲ್ಲ." ತಲೆ ಸ್ವಲ್ಪ ಹಿಂದಕ್ಕೆ ವಾಲಿಸಿ ಹೇಳಿದಳು: "ಅಮ್ಮಂಗೆ ನಾನಿನ್ನೂ ಹೇಳಿಲ್ಲ."

ಗಿರಿಜಾ ಸಂಜೆ ಕೆಲಸದಿಂದ ಬರುತ್ತಾಳೆ. ಅವಳು ಕೈಕಾಲು ತೊಳೆದುಕೊಳ್ಳಲಿ, ಕಾಫಿ ಕುಡಿಯಲಿ. ಆಮೇಲೆ ಟಿವಿ ಆರಿಸಿ, ಎದುರಿಗೆ ಕುಳಿತು, ನಾನೇ ಹೇಳುತ್ತೇನೆ.